ನೆಗಡಿಯೋ, ಫ್ಲೂ ಜ್ವರವೋ?

ಮೊದಲು ನೋಡಬೇಕಾದ್ದು ಶುರುವಾದ ಬಗೆ. ನೆಗಡಿ ಮೆಲ್ಲಗೆ ಬರುತ್ತದೆ: ಗಂಟಲು ಕೆರೆತ, ಸೀನು, ಆಮೇಲೆ ಮೂಗು ಸೋರುವುದು. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ 101–103 ಡಿಗ್ರಿ ಜ್ವರ, ಚಳಿ, ಮೈಕೈ ನೋವು, ಒಣಕೆಮ್ಮಿನಿಂದ ಹಾಸಿಗೆ ಹಿಡಿಯುತ್ತಾರೆ. (ವಯಸ್ಸಾದವರಲ್ಲಿ ಜ್ವರವೇ ಕಾಣದಿರಬಹುದು, ಬರೀ ಸುಸ್ತು, ಮಂಕು.) ಹಣೆ ಮುಟ್ಟಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ.

ಗರ್ಭಿಣಿಯರು, 65 ದಾಟಿದವರು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು ಫ್ಲೂ ಅನಿಸಿದ ದಿನವೇ ವೈದ್ಯರನ್ನು ಕಾಣಬೇಕು. ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ. ನೆಗಡಿ, ಫ್ಲೂ ಎರಡೂ ವೈರಸ್ಸಿನವು, ಆ್ಯಂಟಿಬಯೋಟಿಕ್ ದಂಡ.

ಇನ್ನೊಂದು: ಮೆಡಿಕಲ್ ಶಾಪಿನ ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಅದರ ಮೇಲೆ ಜ್ವರದ ಮಾತ್ರೆಯನ್ನೂ ನುಂಗಿದರೆ ಡೋಸ್ ಮೀರಿ ಲಿವರ್‌ಗೆ ಏಟು. ಸ್ಟ್ರಿಪ್‌ನ ಹಿಂಭಾಗ ಓದಿ. ಇಳಿದ ಜ್ವರ ಮತ್ತೆ ಏರಿದರೆ, ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೊರಡಿ.