ಲೇತ್ ಉಳಿಗೆ ಸಾಣೆ: ನಾನು ಹಿಡಿಯುವ ರೀತಿ

ಲೇತ್ ಯಂತ್ರದಲ್ಲಿ ತಿರುಗುವ ಮರವನ್ನು ಕಡೆಯುವ ಉಳಿ ಬಡಗಿಯ ಉಳಿಗಿಂತ ಬಹಳ ಬೇಗ ಮೊಂಡಾಗುತ್ತದೆ. 2 ಇಂಚು ದಪ್ಪದ ತುಂಡು ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಒಂದೇ ನಿಮಿಷದಲ್ಲಿ ಸುಮಾರು 780 ಅಡಿ ಮರ ಉಳಿಯ ಬಾಯಿಗೆ ಉಜ್ಜಿ ಹೋಗುತ್ತದೆ. ಎಂಥ ಉಕ್ಕಾದರೂ ಸವೆಯಲೇಬೇಕು, ಅಲ್ವಾ?

ನಾನು ಜಾಸ್ತಿ ಕಡೆಯುವುದು ಆಲೆ ಮರ. ಚನ್ನಪಟ್ಟಣದ ಬೊಂಬೆಗೆ ಬಳಸುವ ಅದೇ ಬಿಳಿ ಮರ. ಉಳಿ ಚೂರು ಮೊಂಡಾದರೂ ಅದರಲ್ಲಿ ನಾರು ಏಳುತ್ತದೆ, ಅರಗು ಹಚ್ಚಿದ ಮೇಲೂ ಆ ಒರಟು ಕಾಣುತ್ತದೆ. ಆಮೇಲೆ ಉಪ್ಪು ಕಾಗದ ಎಷ್ಟು ಉಜ್ಜಿದರೂ ಹರಿತವಾದ ಉಳಿ ಕೊಡುವ ನುಣುಪು ಬರುವುದಿಲ್ಲ. ಅದಕ್ಕೇ ಕೆಲಸದ ನಡುನಡುವೆ ನಿಲ್ಲಿಸಿ ಸಾಣೆ ಹಿಡಿಯುತ್ತೇನೆ.

ಸುರುಳಿಯಾಗಿ ಬರುತ್ತಿದ್ದ ಸಿಪ್ಪೆ ಪುಡಿಯಾಗಿ ಉದುರತೊಡಗಿದರೆ, ಕೈ ಒತ್ತಬೇಕಾಗಿ ಬಂದರೆ, ಸಾಣೆಯ ಹೊತ್ತಾಯಿತು ಎಂದರ್ಥ. ಬಾಯನ್ನು ದೀಪದ ಕೆಳಗೆ ಹಿಡಿದು ನೋಡಿ. ಹರಿತವಾದ ಅಂಚು ಕಣ್ಣಿಗೆ ಕಾಣುವುದೇ ಇಲ್ಲ. ಬೆಳ್ಳಿ ಗೆರೆ ಮಿಂಚಿದ ಕಡೆ ಮೊಂಡಾಗಿದೆ.

ನನ್ನದು 8 ಇಂಚಿನ ಗ್ರೈಂಡರ್. ನಿಮಿಷಕ್ಕೆ 2800 ಸುತ್ತಿನದಲ್ಲ, 1400 ಸುತ್ತಿನದು. ಕಲ್ಲು ಬಿಳಿ ಅಲ್ಯೂಮಿನಿಯಂ ಆಕ್ಸೈಡ್, 80 ಗ್ರಿಟ್ (ಕಲ್ಲಿನ ಹರಳಿನ ಅಳತೆ). ಬೂದು ಕಲ್ಲಿಗಿಂತ ಇದು ಉಳಿಯನ್ನು ಕಡಿಮೆ ಬಿಸಿ ಮಾಡುತ್ತದೆ. ಹಳೇ ಅರದಿಂದಲೋ ಗಾಡಿಯ ಸ್ಪ್ರಿಂಗ್ ಪಟ್ಟಿಯಿಂದಲೋ ಮಾಡಿಸಿದ ಉಳಿಯಾದರೆ ಬಿಸಿಯದೇ ದೊಡ್ಡ ಚಿಂತೆ. ಅಂಚು ನೀಲಿಯಾಯಿತೆಂದರೆ ಶಾಖ 300 ಡಿಗ್ರಿ ಆಸುಪಾಸು ಮುಟ್ಟಿ ಹದ ಹೋಯಿತು. ಅಂಥದ್ದನ್ನು ಆಗಾಗ ನೀರಿಗೆ ಅದ್ದುತ್ತಿರಬೇಕು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಬಿಸಿ ತಾಳುವ ಉಕ್ಕು) ಉಳಿ 500 ಡಿಗ್ರಿಗೂ ಹದ ಬಿಡುವುದಿಲ್ಲ. ಅದನ್ನು ಕಾದಿರುವಾಗ ನೀರಿಗೆ ಹಾಕಬೇಡಿ, ಕೂದಲೆಳೆ ಬಿರುಕು ಬಿಡಬಹುದು.

ಸಾಣೆಯಲ್ಲಿ ಮುಖ್ಯವಾದದ್ದು ಬಾಯಿಯ ಕಡೆಗೆ ತೇಯ್ದಿರುವ ಇಳಿಜಾರಿನ ಕೋನ. ಇಳಿಜಾರು ಮುಖಕ್ಕೆ ಪೂರ್ತಿ ಮಾರ್ಕರ್ ಪೆನ್ ಬಳಿಯುತ್ತೇನೆ. ಗ್ರೈಂಡರ್ ಆಫ್ ಇರುವಾಗಲೇ ಉಳಿಯನ್ನು ಕಲ್ಲಿಗೆ ತಾಗಿಸಿ, ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಶಾಯಿ ತುದಿಯಲ್ಲಷ್ಟೇ ಹೋದರೆ ಹಿಡಿ ತುಸು ಇಳಿಸಬೇಕು, ಇಳಿಜಾರಿನ ಹಿಂಬದಿಯಲ್ಲಷ್ಟೇ ಹೋದರೆ ಏರಿಸಬೇಕು. ಮೇಲಿಂದ ಕೆಳಗಿನವರೆಗೂ ಹೋಗಿದ್ದರೆ ಕೋನ ಸರಿ. ಆಮೇಲೆ ಸ್ವಿಚ್ ಹಾಕಿ, ಮೊದಲು ಹಿಂಬದಿ ತಾಗಿಸಿ, ಮೆಲ್ಲಗೆ ಹಿಡಿ ಎತ್ತುತ್ತಾ ಬಾಯಿಯ ಕಡೆ ಬರುತ್ತೇನೆ. ಗೌಜ್ (ತೋಡಿನಂತೆ ಬಾಗಿದ ಉಳಿ) ಆದರೆ ಎಲ್ಲೂ ನಿಲ್ಲಿಸದೆ ಉರುಳಿಸುತ್ತಿರಬೇಕು. ಒತ್ತುವುದು ಬೇಡ, ಉಳಿಯ ಭಾರವೇ ಸಾಕು. ಕಿಡಿಗಳು ಅಂಚು ದಾಟಿ ಉಳಿಯ ಮೇಲ್ಮುಖಕ್ಕೆ ಬರತೊಡಗಿದ ಕೂಡಲೇ ಎತ್ತಿಬಿಡುತ್ತೇನೆ. ಅಲ್ಲಿಂದಾಚೆಗೆ ತೇಯುವುದು ಸುಮ್ನೆ ಉಕ್ಕು ಹಾಳು.

ಬಟ್ಟಲು ಕೊರೆಯುವ ಗೌಜ್‌ಗೆ 55 ಡಿಗ್ರಿ ಆಸುಪಾಸು, ಸಣ್ಣ ಕೆತ್ತನೆಯ ಗೌಜ್‌ಗೆ 35. ಸ್ಕ್ಯೂ (ಓರೆ ಬಾಯಿಯ ಚಪ್ಪಟೆ) ಉಳಿಯ ಎರಡೂ ಮುಖ ಸೇರಿ 30 ಇಟ್ಟು, ಕೊನೆಗೆ ಎಣ್ಣೆಗಲ್ಲಿನ ಮೇಲೆ ಎಳೆಯುತ್ತೇನೆ. ಸ್ಕ್ರೇಪರ್‌ಗೆ (ಹೆರೆಯುವ ಉಳಿ) ಮಾತ್ರ ಕಲ್ಲು ಬಿಟ್ಟ ಒರಟು ಅಂಚನ್ನು ಹಾಗೇ ಉಳಿಸುತ್ತೇನೆ. ಅದರಲ್ಲಿ ಕೊಯ್ಯುವುದೇ ಆ ಅಂಚು.

ಕಲ್ಲು ಕಪ್ಪಾಗಿ ಹೊಳೆಯತೊಡಗಿದರೆ ಅದು ಕೊಯ್ಯುವುದಿಲ್ಲ, ಬರೀ ಕಾಯಿಸುತ್ತದೆ. ಆಗ ವಜ್ರದ ಡ್ರೆಸ್ಸರ್ (ಕಲ್ಲಿನ ಮುಖ ಹೆರೆಯುವ ಸಲಕರಣೆ) ಎಳೆದು ಹೊಸ ಮುಖ ತೆಗೆಯಬೇಕು. ಹೊಸ ಕಲ್ಲನ್ನು ಕೂರಿಸುವ ಮುಂಚೆ ನೇತುಹಾಕಿ ಮರದ ಹಿಡಿಯಿಂದ ತಟ್ಟಿ. ಟಣ್ ಅಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಬಿರುಕಿದೆ, ಅದನ್ನು ಹಾಕಲೇಬೇಡಿ. ಕಣ್ಣಿಗೆ ರಕ್ಷಣಾ ಕನ್ನಡಕವಿಲ್ಲದೆ ಗ್ರೈಂಡರ್ ಮುಂದೆ ನಿಲ್ಲಬೇಡಿ.