ಸೂರ್ಯನ ಕಲೆ ಎಣಿಸಿ ಬಿಸಿಲಿನ ಲೆಕ್ಕ ಹಾಕಿದ್ದು

ವಿಜಯಪುರದಲ್ಲಿ ಏಪ್ರಿಲ್ ಬಂತೆಂದರೆ ಈ ಮಾತು ಕೇಳಿಬರುವುದೇ: 'ಸೂರ್ಯಾನ ಜಾಸ್ತಿ ಕಾಯಾಕ ಹತ್ಯಾನ ನೋಡ್ರಿ ಸರ.' ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಸುಮ್ನೆ ಹೌದೌದು ಅನ್ನುವ ಬದಲು ಸೂರ್ಯನನ್ನೇ ವಿಚಾರಿಸೋಣ ಎಂದು ಮಕ್ಕಳ ಜೊತೆ ಅವನ ಮುಖದ ಮೇಲೆ ಕಾಣುವ ಕಪ್ಪು ಚುಕ್ಕೆಗಳನ್ನು, ಅಂದರೆ ಕಲೆಗಳನ್ನು, ಎಣಿಸಲು ಶುರು ಮಾಡಿದೆ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಬೈನಾಕ್ಯುಲರ್, ಒಂದು ಸ್ಟ್ಯಾಂಡ್, ಬಿಳಿ ಹಾಳೆ ಸಾಕು. ಒಂದು ಕೊಳವೆಗೆ ಮುಚ್ಚಳ ಹಾಕಿ, ಇನ್ನೊಂದರ ಬೆಳಕನ್ನು ಸುಮಾರು ಒಂದು ಮೀಟರ್ ದೂರದ ಹಾಳೆಗೆ ಬೀಳಿಸುತ್ತೇವೆ. ಅದರೊಳಗೆ ಕಣ್ಣಿಟ್ಟು ನೋಡಲೇಬಾರದು, ಕಣ್ಣು ಹೋಗುತ್ತದೆ. ಹುಡುಗರನ್ನು ಬಿಟ್ಟು ನಾನು ಆಚೀಚೆ ಹೋಗುವುದೇ ಇಲ್ಲ. ಬಿಂಬ 9 ಸೆಂ.ಮೀ. ಬರುತ್ತದೆ. ಈ ಅಳತೆಗೆ ನಮ್ಮ ಭೂಮಿ ಒಂದು ಗಸಗಸೆ ಕಾಳು, ಅಷ್ಟೇ. ಕೆಲವು ಕಲೆ ಅದಕ್ಕಿಂತ ದೊಡ್ಡವು! ಬೆಳಿಗ್ಗೆಯೇ ಮುಗಿಸಬೇಕು, ನೆಲ ಕಾದರೆ ಬಿಂಬ ನಡುಗುತ್ತದೆ. ಚುಕ್ಕೆ ಹಾಳೆಯದೋ ಸೂರ್ಯನದೋ ಎಂಬ ಅನುಮಾನ ಬಂದರೆ ಹಾಳೆ ಅಲುಗಾಡಿಸಿ. ಸೂರ್ಯನದಾದರೆ ಅದು ಬಿಂಬದಲ್ಲೇ ನಿಲ್ಲುತ್ತದೆ.

ಎಣಿಕೆಗೆ ಸ್ವಿಸ್ ಖಗೋಳ ವಿಜ್ಞಾನಿ ರುಡಾಲ್ಫ್ ವುಲ್ಫ್ 19ನೇ ಶತಮಾನದಲ್ಲಿ ಕೊಟ್ಟ ಲೆಕ್ಕವಿದೆ. ಗುಂಪುಗಳನ್ನು ಹತ್ತರಿಂದ ಗುಣಿಸಿ, ಒಟ್ಟು ಕಲೆಗಳನ್ನು ಕೂಡಿಸಬೇಕು. 4 ಗುಂಪು, 11 ಕಲೆ ಇದ್ದರೆ 51.

ನಮ್ಮ ಎಣಿಕೆಯಿಂದಲೇ ಹವಾಮಾನ ಗೊತ್ತಾಗುವುದಿಲ್ಲ, ಅಲ್ವಾ? ಹಾಗಾಗಿ ಪ್ರಕಟವಾದ ಹಳೆಯ ಅಂಕಿಗಳನ್ನು ಭೂಮಿಯ ಉಷ್ಣತೆಯ ಜೊತೆ ಗ್ರಾಫ್ ಹಾಳೆಗೆ ಇಳಿಸಿದೆವು. ಸುಮಾರು 11 ವರ್ಷದ ಏರಿಳಿತ ಎದ್ದು ಕಂಡಿತು. 1645ರಿಂದ 1715ರವರೆಗೆ ಕಲೆಗಳೇ ತೀರಾ ಕಡಿಮೆ. ನಮ್ಮೂರ ಗೋಲ್ ಗುಂಬಜ್ ಮುಗಿದದ್ದು, ಆದಿಲಶಾಹಿ ಬಿದ್ದದ್ದು ಅದೇ ಕಾಲದಲ್ಲಿ. ಆಗ ಯುರೋಪಿನಲ್ಲಿ ಚಳಿ ಜೋರಿತ್ತು. ಆದರೆ ಅದರಲ್ಲಿ ಜ್ವಾಲಾಮುಖಿಗಳ ಪಾಲೂ ಇದೆ.

ಕಲೆ ಜಾಸ್ತಿಯಾದಾಗ ಸೂರ್ಯ ಮಂಕಾಗುವುದಿಲ್ಲ, ತುಸು ಹೆಚ್ಚೇ ಬೆಳಗುತ್ತಾನೆ. ಭೂಮಿಯ ದೂರದಲ್ಲಿ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬೀಳುತ್ತದೆ. ಏರಿಳಿತದ ವ್ಯತ್ಯಾಸ ಸುಮಾರು 1 ವ್ಯಾಟ್. ಭೂಮಿಯ ಸರಾಸರಿ ಉಷ್ಣತೆ ಇದರಿಂದ ಸುಮಾರು 0.1 ಡಿಗ್ರಿ ಆಚೀಚೆ ಆದೀತು. 19ನೇ ಶತಮಾನದಿಂದ ಭೂಮಿ ಬಿಸಿಯಾದದ್ದು ಒಂದು ಡಿಗ್ರಿಗಿಂತ ಹೆಚ್ಚು!

ಮಕ್ಕಳಿಗೆ ಬೆರಳಿಟ್ಟು ತೋರಿಸಿದ್ದು 2019ರ ಜಾಗ. ಸೂರ್ಯನ ಮುಖ ಹೆಚ್ಚುಕಡಿಮೆ ಖಾಲಿ. ಆದರೂ 2019, 2020 ಎರಡೂ ಅಲ್ಲಿಯವರೆಗಿನ ಅತಿ ಬಿಸಿ ವರ್ಷಗಳ ಸಾಲಿನಲ್ಲಿವೆ.

ದ್ರಾಕ್ಷಿ ಬೆಳೆಯುವ ಪಾಲಕರೊಬ್ಬರು ಗ್ರಾಫ್ ನೋಡಿ, 'ಆದ್ರೂ ಸೂರ್ಯಂದ ಅಲ್ಲ ಅಂತ ಹೆಂಗ ಹೇಳ್ತೀರಿ?' ಎಂದರು. ಒಳ್ಳೆಯ ಪ್ರಶ್ನೆ. ಸೂರ್ಯನೇ ಕಾರಣವಾಗಿದ್ದರೆ ಮೇಲಿನ ಗಾಳಿಯೂ ಕಾಯಬೇಕಿತ್ತು. ಆದರೆ ಕೆಳಗಿನ ಗಾಳಿ ಕಾಯುತ್ತಿದೆ, ವಾಯುಮಂಡಲದ ಮೇಲ್ಪದರ ತಣ್ಣಗಾಗುತ್ತಿದೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ಬಂದ ಇಂಗಾಲದ ಡೈಆಕ್ಸೈಡ್ ಶಾಖ ಹಿಡಿದಿಟ್ಟಾಗ ಆಗುವುದೇ ಹೀಗೆ.