ಹಳೇ ಫ್ಲ್ಯಾಶ್ ಗಾರ್ಡನ್ ಮರುಮುದ್ರಣ ಕೊಳ್ಳುವ ಮೊದಲು ನೋಡಬೇಕಾದ್ದು

ಅಲೆಕ್ಸ್ ರೇಮಂಡ್ ಚಿತ್ರಿಸಿದ, ಮಂಗೋ ಎಂಬ ಗ್ರಹದ ಸಾಹಸಗಳ ಚಿತ್ರಕಥೆ ಫ್ಲ್ಯಾಶ್ ಗಾರ್ಡನ್ ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದದ್ದು 1934ರ ಜನವರಿ 7ರ ಭಾನುವಾರ. ಆಮೇಲೆ ಅದೇ ಪುಟಗಳು ಕಪ್ಪುಬಿಳುಪಿನಲ್ಲಿ, ಬಣ್ಣದಲ್ಲಿ, ಸಣ್ಣ ಪುಸ್ತಕವಾಗಿ, ಮೇಜಿನ ಮೇಲಿಟ್ಟೇ ಓದಬೇಕಾದ ದೊಡ್ಡ ಪುಸ್ತಕವಾಗಿ ಮತ್ತೆ ಮತ್ತೆ ಅಚ್ಚಾಗಿವೆ. ರಕ್ಷಾಪುಟದ ಮೇಲೆ ಎಲ್ಲದಕ್ಕೂ ಒಂದೇ ಹೆಸರು, ಒಳಗಿನ ಚಿತ್ರ ಮಾತ್ರ ಒಂದೇ ಅಲ್ಲ. ಒಂದು ಪುಸ್ತಕದಲ್ಲಿ ಕೂದಲೆಳೆಯಂತೆ ಕಾಣುವ ಗೆರೆ ಇನ್ನೊಂದರಲ್ಲಿ ಮಸಿಯ ಮುದ್ದೆ. ಯಾವ ಮೂಲ ಇಟ್ಟುಕೊಂಡು ಅಚ್ಚು ಹಾಕಿದ್ದಾರೆ ಎನ್ನುವುದೇ ಇದನ್ನು ತೀರ್ಮಾನಿಸುತ್ತದೆ. ಆ ಮೂಲವನ್ನು ಪುಸ್ತಕ ನೋಡಿಯೇ ಕಂಡುಹಿಡಿಯಬಹುದು.

ಬೇಕಾದ ಸಾಮಾನು ಮೂರೇ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ (ಅಂಚೆಚೀಟಿ ಸಂಗ್ರಹಿಸುವವರು ಬಳಸುವಂಥದ್ದು), ಮಿಲಿಮೀಟರ್ ಗುರುತಿರುವ ಸ್ಕೇಲು, ಹಳೇ ವರ್ಷಗಳ ಕ್ಯಾಲೆಂಡರ್ ತೋರಿಸುವ ಮೊಬೈಲ್.

ಮೊದಲು ಕಾಲ, ಕಲಾವಿದ

ಫ್ಲ್ಯಾಶ್ ಗಾರ್ಡನ್ ಎಂದರೆ ರೇಮಂಡ್ ಎಂದುಕೊಂಡು ಕೊಂಡು, ಮನೆಗೆ ಬಂದ ಮೇಲೆ ಬೇರೆಯವರ ಕೈ ಎಂದು ಗೊತ್ತಾಗುವುದು ತೀರಾ ಸಾಮಾನ್ಯ. ಭಾನುವಾರದ ಬಣ್ಣದ ಪುಟವೇ ಬೇರೆ, ಸೋಮವಾರದಿಂದ ಶನಿವಾರದವರೆಗೆ ಬರುತ್ತಿದ್ದ ಕಪ್ಪುಬಿಳುಪಿನ ದೈನಿಕ ಸ್ಟ್ರಿಪ್ಪೇ (ಅಡ್ಡಸಾಲಿನ ಚಿತ್ರಕಥೆ) ಬೇರೆ. ರೇಮಂಡ್ ಭಾನುವಾರದ ಪುಟವನ್ನು 1944ರವರೆಗೆ ಬರೆದು ನೌಕಾದಳದ ಮರೀನ್ಸ್ ಸೇರಿದರು. ಆಮೇಲೆ ಆಸ್ಟಿನ್ ಬ್ರಿಗ್ಸ್. 1948ರಿಂದ ಮ್ಯಾಕ್ ರಬಾಯ್, 1967ರಲ್ಲಿ ಸಾಯುವವರೆಗೂ ಅವರೇ. ನಂತರ ಡಾನ್ ಬ್ಯಾರಿ. ದೈನಿಕ ಸ್ಟ್ರಿಪ್ಪನ್ನು 1940ರಿಂದ 1944ರವರೆಗೆ ಬ್ರಿಗ್ಸ್ ಬರೆದರು, ಅಲ್ಲಿಗೆ ಅದು ನಿಂತುಹೋಯಿತು. ಮತ್ತೆ ಶುರುವಾದದ್ದು 1951ರ ನವೆಂಬರ್ 19ರಂದು, ಡಾನ್ ಬ್ಯಾರಿ ಕೈಯಲ್ಲಿ. ಹಾಗಾಗಿ ಯಾರಾದರೂ "1947ರ ದೈನಿಕ ಫ್ಲ್ಯಾಶ್ ಗಾರ್ಡನ್" ಎಂದು ಮಾರುತ್ತಿದ್ದರೆ ಆ ವರ್ಷ ಅಂಥದ್ದೊಂದು ಇರಲೇ ಇಲ್ಲ ಎಂಬುದು ನೆನಪಿರಲಿ. ಬ್ಯಾರಿಯ ಮೊದಲ ವರ್ಷಗಳನ್ನು ಯಾರೂ ತಳ್ಳಿಹಾಕಬೇಡಿ. ಹಾರ್ವಿ ಕರ್ಟ್ಸ್‌ಮನ್ ಕಥೆ ಬರೆದದ್ದು, ಫ್ರಾಂಕ್ ಫ್ರಜೆಟಾ ಚಿತ್ರಕ್ಕೆ ಕೈಜೋಡಿಸಿದ್ದು ಆಗಲೇ.

ರೇಮಂಡ್ ಅವಧಿಯೊಳಗೂ ಒಂದು ಆಯ್ಕೆ ಇದೆ. 1934ರ ಮೊದಲ ತಿಂಗಳುಗಳಲ್ಲಿ ಚೌಕಟ್ಟುಗಳು ಸಣ್ಣವು, ಗೆರೆ ಇನ್ನೂ ಸರಳ. ಅದೇ ವರ್ಷದ ನಡುವಿನಿಂದ ಕುಂಚದ ಕೆಲಸ ಬೆಳೆಯುತ್ತದೆ: ಸ್ನಾಯು, ಬಟ್ಟೆಯ ಮಡಿಕೆ, ಬಂಡೆ, ಎಲ್ಲದರ ನೆರಳೂ ಹಕ್ಕಿಯ ಗರಿಯ ಎಳೆಗಳಂತೆ ಬಿಡಿಬಿಡಿಯಾಗಿ ಇಳಿಯುತ್ತದೆ. ಮೂವತ್ತರ ದಶಕದ ಕೊನೆಗೆ ಮಾತಿನ ಗುಳ್ಳೆಗಳು ಮಾಯವಾಗಿ, ಸಂಭಾಷಣೆಯೆಲ್ಲ ಚಿತ್ರದೊಳಗಿನ ಬರಹದ ಸಾಲುಗಳಿಗೆ ಹೋಗುತ್ತದೆ. ಚೌಕಟ್ಟು ದೊಡ್ಡದಾಗುತ್ತದೆ, ಗೆರೆ ನಯವಾಗುತ್ತದೆ. ಕಥೆಯ ಓಟ ಬೇಕಾದವರು ಮೊದಲ ನಾಲ್ಕು ವರ್ಷ ಕೊಳ್ಳಲಿ. ಚಿತ್ರವೇ ಮುಖ್ಯ ಎನ್ನುವವರಿಗೆ 1936ರಿಂದ ಮುಂದಿನದು. ಒಂದೇ ಸಂಪುಟಕ್ಕೆ ದುಡ್ಡಿದ್ದರೆ ಎರಡೂ ಗುಣ ಕೂಡುವ 1935–37ರ ಭಾಗ ತೆಗೆದುಕೊಳ್ಳಿ.

ಪುಟ ಎಣಿಸಿ

ಸ್ಟ್ರಿಪ್ಪಿನ ಯಾವುದೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸಿಂಡಿಕೇಟಿನ (ಸ್ಟ್ರಿಪ್ಪನ್ನು ಪತ್ರಿಕೆಗಳಿಗೆ ಹಂಚುವ ಸಂಸ್ಥೆ) ಹೆಸರು, ಹಕ್ಕುಸ್ವಾಮ್ಯದ ವರ್ಷ, ತಾರೀಖು ಇರುತ್ತವೆ. ತಾರೀಖು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು. 3-5 ಎಂದಿದ್ದರೆ ಅದು ಮೇ 3 ಅಲ್ಲ, ಮಾರ್ಚ್ 5. ಇದನ್ನು ತಪ್ಪಾಗಿ ಓದಿ ಪುಟಗಳು ಹಿಂದುಮುಂದಾಗಿವೆ ಎಂದು ಪುಸ್ತಕ ವಾಪಸು ಕಳಿಸುವವರಿದ್ದಾರೆ.

ಒಂದು ವರ್ಷದ ಭಾನುವಾರದ ಸಂಪುಟದಲ್ಲಿ 52 ಪುಟ ಇರಬೇಕು. 1939 ಭಾನುವಾರದಂದೇ ಆರಂಭವಾಗಿ ಭಾನುವಾರದಂದೇ ಮುಗಿದ ವರ್ಷ, ಹಾಗಾಗಿ ಅದರಲ್ಲಿ 53. ದೈನಿಕವಾದರೆ ವಾರಕ್ಕೆ ಆರರಂತೆ ವರ್ಷಕ್ಕೆ 312ರ ಆಸುಪಾಸು. ಎಣಿಕೆ ಕಡಿಮೆ ಬಂದರೆ ಎಲ್ಲಿ ಹಾರಿದೆ ನೋಡಿ. ಮೊಬೈಲಿನ ಕ್ಯಾಲೆಂಡರ್ ತೆರೆದು ಐದಾರು ತಾರೀಖು ಭಾನುವಾರಕ್ಕೇ ಬೀಳುತ್ತವೆಯೇ ಎಂದು ತಾಳೆ ಹಾಕಿದರೂ ಸಾಕು. ತಾರೀಖು, ಹಕ್ಕುಸ್ವಾಮ್ಯದ ಸಾಲು ಎರಡನ್ನೂ ಪೂರ್ತಿ ಅಳಿಸಿಹಾಕಿದ ಮರುಮುದ್ರಣದ ಬಗ್ಗೆ ಎಚ್ಚರವಿರಲಿ. ಬಿಟ್ಟುಹೋದ ಪುಟಗಳು ಓದುಗರಿಗೆ ಗೊತ್ತೇ ಆಗುವುದಿಲ್ಲ.

ಗೆರೆಯ ಪರೀಕ್ಷೆ

ಇದೇ ಮುಖ್ಯ, ಇದಕ್ಕೆ ಹತ್ತು ನಿಮಿಷ ಕೊಡಿ.

ರೇಮಂಡ್ ಬರೆದದ್ದು ಕಪ್ಪು ಇಂಕಿನಲ್ಲಿ, ಬಿಳಿ ಹಾಳೆಯ ಮೇಲೆ. ಅದರ ಫೋಟೋ ತೆಗೆದು ಬ್ಲಾಕ್ (ಮುದ್ರಣದ ಲೋಹದ ಪಡಿಯಚ್ಚು) ಮಾಡಿ, ಆ ಬ್ಲಾಕಿನಿಂದ ಒಳ್ಳೆಯ ಕಾಗದದ ಮೇಲೆ ತೆಗೆದ ಪ್ರತಿಯೇ ಪ್ರೂಫ್. ಅದೇ ಚಿತ್ರ ಪತ್ರಿಕೆಯ ಒರಟು ಕಾಗದದ ಮೇಲೆ, ವೇಗವಾಗಿ ತಿರುಗುವ ಯಂತ್ರದಲ್ಲಿ ಅಚ್ಚಾದಾಗ ಇಂಕು ಕಾಗದದೊಳಗೆ ಇಂಗಿ ಗೆರೆ ದಪ್ಪವಾಗುತ್ತದೆ. ಮರುಮುದ್ರಣಕ್ಕೆ ಸಿಗುವ ಮೂಲಗಳು ಹೀಗೆ ಮೂರು: ಕಲಾವಿದನ ಮೂಲ ಹಾಳೆ, ಪ್ರೂಫ್, ಪತ್ರಿಕೆಯಿಂದ ಹರಿದಿಟ್ಟ ಪುಟ. ನಾಲ್ಕನೆಯದೂ ಒಂದಿದೆ, ಹಿಂದಿನ ಮರುಮುದ್ರಣವನ್ನೇ ನಕಲು ಮಾಡುವುದು. ಕೊಳ್ಳಬಾರದ್ದು ಇದನ್ನೇ.

ನಾಯಕ ಫ್ಲ್ಯಾಶ್‌ನ ಭುಜ, ನಾಯಕಿ ಡೇಲ್ ಆರ್ಡನ್‌ಳ ಕೂದಲು, ಖಳನಾಯಕ ಮಿಂಗ್‌ನ ನಿಲುವಂಗಿಯ ಮಡಿಕೆ, ಈ ಮೂರು ಜಾಗಕ್ಕೆ ಭೂತಗನ್ನಡಿ ಹಿಡಿಯಿರಿ. ನೆರಳಿನ ಎಳೆಗಳು ತುದಿಯಲ್ಲಿ ಸೂಜಿಯಂತೆ ಸಣ್ಣಗಾಗಿ ಮುಗಿದರೆ ಪ್ರೂಫ್ ಅಥವಾ ಮೂಲ ಹಾಳೆಯಿಂದ ತೆಗೆದದ್ದು. ಎಳೆಗಳ ನಡುವಿನ ಬಿಳಿ ಅಲ್ಲಲ್ಲಿ ಮುಚ್ಚಿ, ತುದಿಗಳು ಮೊಂಡಾಗಿದ್ದರೆ ಪತ್ರಿಕೆಯ ಪುಟದಿಂದ. ಎಳೆಗಳೆಲ್ಲ ಕೂಡಿ ಒಂದೇ ಕಪ್ಪು ಮಚ್ಚೆಯಾಗಿದ್ದು, ಅದರ ಪಕ್ಕದಲ್ಲೇ ಮುಖದ ಸಣ್ಣ ಗೆರೆಗಳು ತುಂಡುತುಂಡಾಗಿದ್ದರೆ ನಕಲಿನ ನಕಲು. ಎರಡು ದೋಷವೂ ಒಟ್ಟಿಗೆ ಬರುವುದಕ್ಕೆ ಕಾರಣವಿದೆ: ಪ್ರತಿ ಸಲ ನಕಲು ತೆಗೆಯುವಾಗ ಕಪ್ಪು–ಬಿಳುಪಿನ ಅಂತರ ಏರುತ್ತದೆ, ಒತ್ತಾಗಿರುವ ಕಡೆ ತುಂಬಿಕೊಳ್ಳುತ್ತದೆ, ತೆಳುವಾಗಿರುವ ಕಡೆ ಹಾರಿಹೋಗುತ್ತದೆ.

ಇನ್ನೊಂದು ಸುಳಿವು ಗೆರೆಯ ಅಂಚು. ಕಪ್ಪು ಗೆರೆಯ ಅಂಚಿನುದ್ದಕ್ಕೂ ಸಣ್ಣ ಚುಕ್ಕಿಗಳು ಕಂಡರೆ, ಗೆರೆಚಿತ್ರವನ್ನು ಫೋಟೋದಂತೆ ಬೂದುಬಣ್ಣದಲ್ಲಿ ಸ್ಕ್ಯಾನ್ ಮಾಡಿ ಹಾಗೆಯೇ ಅಚ್ಚಿಗೆ ಕಳಿಸಿದ್ದಾರೆ ಎಂದರ್ಥ. ಬರಿಗಣ್ಣಿಗೆ ಅದು "ಏನೋ ಸ್ವಲ್ಪ ಮಂಜು" ಎನಿಸುತ್ತದೆ. ಸರಿಯಾಗಿ ಮಾಡಿದ ಕಪ್ಪುಬಿಳುಪಿನ ಪುಸ್ತಕದಲ್ಲಿ ಗೆರೆ ಗಟ್ಟಿ ಕಪ್ಪು, ಅಂಚು ಕತ್ತರಿಸಿದಂತೆ.

ರಬಾಯ್ ಪುಟಗಳಿಗೆ ಕಪ್ಪುಬಿಳುಪು ಚೆನ್ನಾಗಿಯೇ ಹೊಂದುತ್ತದೆ. ಗೆರೆ ಅಷ್ಟು ಸಣ್ಣದು, ಕಪ್ಪು ಜಾಗಗಳನ್ನು ಅಷ್ಟು ಯೋಚಿಸಿ ಇಟ್ಟಿದ್ದಾರೆ. ಡಾರ್ಕ್ ಹಾರ್ಸ್ ಪ್ರಕಾಶನ 2003ರಿಂದ ತಂದ ನಾಲ್ಕು ಕಪ್ಪುಬಿಳುಪಿನ ಸಂಪುಟಗಳನ್ನು ಬಣ್ಣವಿಲ್ಲವೆಂಬ ಕಾರಣಕ್ಕೆ ಬಿಡಬೇಡಿ.

ಬಣ್ಣ ಯಾರದು?

ಇಲ್ಲಿ ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ನೋಡಬೇಕು. ಬ್ರಿಟನ್ನಿನ ಈಗಲ್ ವಾರಪತ್ರಿಕೆಯಲ್ಲಿ 1950ರ ಏಪ್ರಿಲ್ 14ರಂದು ಶುರುವಾದ ಡಾನ್ ಡೇರ್ ಎಂಬ ಬಾಹ್ಯಾಕಾಶ ಸಾಹಸದ ಸ್ಟ್ರಿಪ್ಪಿಗೆ ಫ್ರಾಂಕ್ ಹ್ಯಾಂಪ್ಸನ್ ಮತ್ತು ಅವರ ಸ್ಟುಡಿಯೋ ಹಾಳೆಯ ಮೇಲೆಯೇ ಬಣ್ಣ ಹಾಕುತ್ತಿದ್ದರು. ಅದು ಫೋಟೋಗ್ರವ್ಯೂರ್ (ಕೊರೆದ ತಗ್ಗುಗಳಲ್ಲಿ ಇಂಕು ತುಂಬಿ ಅಚ್ಚೊತ್ತುವ) ವಿಧಾನದಲ್ಲಿ ಅಚ್ಚಾಗುತ್ತಿತ್ತು. ಅಂದರೆ ಬಣ್ಣವೂ ಕಲಾವಿದರದೇ. ಡಾನ್ ಡೇರ್‌ಗೆ ಹೊಸದಾಗಿ ಬಣ್ಣ ಹಾಕಿದರೆ, ಕಪ್ಪುಬಿಳುಪು ಮಾಡಿದರೆ, ಚಿತ್ರದ ಅರ್ಧವೇ ಹೋಯಿತು. ಫ್ಲ್ಯಾಶ್ ಗಾರ್ಡನ್‌ನಲ್ಲಿ ಹಾಗಲ್ಲ. ಮೂಲ ಹಾಳೆಯಲ್ಲಿ ಬರೀ ಕಪ್ಪು. ಬಣ್ಣ ಸೇರಿದ್ದು ಬ್ಲಾಕ್ ಮಾಡುವವರ ಕೈಯಲ್ಲಿ, ಹಳದಿ, ಕೆಂಪು, ನೀಲಿ ಚುಕ್ಕಿಗಳ ಲೆಕ್ಕಾಚಾರದಲ್ಲಿ. ಆದ್ದರಿಂದ ಫ್ಲ್ಯಾಶ್ ಗಾರ್ಡನ್‌ಗೆ ಹೊಸ ಬಣ್ಣ ಹಾಕಿದ್ದೇ ಅಪರಾಧ ಎನ್ನಲಾಗದು. ಹಾಕುವ ರೀತಿ ಮಾತ್ರ ಮುಖ್ಯ. ರೇಮಂಡ್‌ನ ಎಳೆಗಳೇ ನೆರಳಿನ ಕೆಲಸ ಮಾಡುತ್ತವೆ. ಅದರ ಮೇಲೆ ಕಂಪ್ಯೂಟರಿನಲ್ಲಿ ತಿಳಿಯಿಂದ ಗಾಢಕ್ಕೆ ಜಾರುವ ಬಣ್ಣ ಬಳಿದರೆ ಒಂದೇ ತೋಳಿಗೆ ಎರಡು ನೆರಳು ಬಂದು ಮೇಣದ ಗೊಂಬೆಯಂತಾಗುತ್ತದೆ. ಸಮತಟ್ಟಾದ ಬಣ್ಣವಿದ್ದರೆ ಸರಿ.

ಪತ್ರಿಕೆಯ ಪುಟದಿಂದಲೇ ತೆಗೆದ ಬಣ್ಣವೋ ಎಂದು ತಿಳಿಯಲು ಮತ್ತೆ ಭೂತಗನ್ನಡಿ. ಹಳೆಯ ದಪ್ಪ ಚುಕ್ಕಿಗಳು, ಅವುಗಳೊಳಗೆ ಇಂದಿನ ಮುದ್ರಣದ ಅತಿ ಸಣ್ಣ ಚುಕ್ಕಿಗಳು, ಎರಡೂ ಕಾಣಬೇಕು. ಈ ಎರಡು ಜಾಲ ಹೊಂದದೆ ಹೋದರೆ ಆಕಾಶದಂಥ ಬಯಲು ಜಾಗದಲ್ಲಿ ರೇಷ್ಮೆ ಬಟ್ಟೆಯ ಅಲೆಯಂಥ ಪಟ್ಟೆಗಳು ಏಳುತ್ತವೆ. ಅದನ್ನು ಮೋಯ್ರೆ ಎನ್ನುತ್ತಾರೆ. ಕಡಿಮೆ ರೆಸಲ್ಯೂಷನ್ನಿನಲ್ಲಿ ಸ್ಕ್ಯಾನ್ ಮಾಡಿದ್ದರ ಗುರುತು ಅದು. ಇನ್ನು ಹಳದಿಗಟ್ಟಿದ ಕಾಗದವನ್ನು ಬೆಳ್ಳಗೆ ಮಾಡುವ ಹುರುಪಿನಲ್ಲಿ ಹಳದಿ ಇಂಕನ್ನೂ ತೊಳೆದುಬಿಡುವುದುಂಟು. ಫ್ಲ್ಯಾಶ್‌ನ ಕೂದಲು ನೋಡಿ: ಹಳದಿ ಇರಬೇಕಾದದ್ದು ಬೂದಿಯ ಬಣ್ಣಕ್ಕೆ ತಿರುಗಿದ್ದರೆ ಹಾಗಾಗಿದೆ. ಬಣ್ಣ ಗೆರೆಯಿಂದ ಒಂದು ಮಿಲಿಮೀಟರ್ ಆಚೆ ಸರಿದಿರುವುದು ದೋಷವಲ್ಲ, 1930ರ ದಶಕದ ಅಚ್ಚಿನಲ್ಲೇ ಹಾಗಿತ್ತು.

ಅಳತೆ, ಕತ್ತರಿ

ಶುರುವಿನಲ್ಲಿ ಭಾನುವಾರದ ಪೂರ್ತಿ ಪುಟ ರೇಮಂಡ್‌ದೇ: ಮೇಲ್ಭಾಗದಲ್ಲಿ ಜಂಗಲ್ ಜಿಮ್ ಎಂಬ ಜೊತೆ ಸ್ಟ್ರಿಪ್, ಕೆಳಗೆ ಫ್ಲ್ಯಾಶ್ ಗಾರ್ಡನ್. ಬಹುತೇಕ ಮರುಮುದ್ರಣಗಳು ಜಂಗಲ್ ಜಿಮ್ ಬಿಟ್ಟು ಫ್ಲ್ಯಾಶ್ ಮಾತ್ರ ಹಾಕುತ್ತವೆ. ಕಥೆಗೆ ಇದರಿಂದ ತೊಂದರೆ ಇಲ್ಲ, ಆದರೆ ಪುಟದ ವಿನ್ಯಾಸ ಕೈತಪ್ಪುತ್ತದೆ. ಎರಡನ್ನೂ ಜೊತೆಗೇ ಬೇಕೆನ್ನುವವರಿಗೆ ಲೈಬ್ರರಿ ಆಫ್ ಅಮೆರಿಕನ್ ಕಾಮಿಕ್ಸ್ ಎಂಬ ಪ್ರಕಾಶನ ತಂದ ನಾಲ್ಕು ದೊಡ್ಡ ಸಂಪುಟಗಳಿವೆ. ಸುಮಾರು 12 ಇಂಚು ಅಗಲ, 16 ಇಂಚು ಎತ್ತರ. ಕೊಳ್ಳುವ ಮುಂಚೆ ಮನೆಯ ಕಪಾಟು ಅಳೆಯಿರಿ. ನಿಲ್ಲಿಸಲು ಜಾಗವಿಲ್ಲವೆಂದು ಓರೆಯಾಗಿ ಇಟ್ಟರೆ ಒಂದೆರಡು ವರ್ಷದಲ್ಲಿ ಬೆನ್ನು ಬಾಗುತ್ತದೆ, ಮಲಗಿಸಿಯೇ ಇಡಿ.

ಸಣ್ಣ ಅಳತೆಯ ಪುಸ್ತಕವಾದರೆ ಸ್ಕೇಲು ತೆಗೆದು ಅಕ್ಷರದ ಎತ್ತರ ನೋಡಿ. ಅಕ್ಷರ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಓದುವುದು ಕಷ್ಟ, ಆ ಅಳತೆಯಲ್ಲಿ ನೆರಳಿನ ಎಳೆಗಳೂ ಮುಚ್ಚಿಕೊಂಡಿರುತ್ತವೆ. ಆಮೇಲೆ ಚೌಕಟ್ಟಿನ ಅಂಚು. ನಾಲ್ಕೂ ಬದಿಯ ಗೆರೆ ಕಾಣುತ್ತಿದೆಯೇ, ರಾಕೆಟ್ಟಿನ ಮೂತಿ, ಕತ್ತಿಯ ತುದಿ ಅರ್ಧಕ್ಕೆ ನಿಂತಿವೆಯೇ? ಪುಸ್ತಕದ ಮಡಿಕೆಯೊಳಗೆ ಚಿತ್ರ ಮುಳುಗಿದೆಯೇ? ಗಿಲ್ ಕೇನ್ ಚಿತ್ರಿಸಿದ ಸ್ಟಾರ್ ಹಾಕ್ಸ್ ಎಂಬ ಇನ್ನೊಂದು ಸ್ಟ್ರಿಪ್ಪಿನಲ್ಲಿ ಇದು ಇನ್ನೂ ಮುಖ್ಯ. 1977ರಲ್ಲಿ ಶುರುವಾದ ಆ ದೈನಿಕ ಸ್ಟ್ರಿಪ್ ಬೇರೆಯವುಗಳಿಗಿಂತ ಎರಡು ಪಟ್ಟು ಎತ್ತರದ್ದು.

ಇಂದ್ರಜಾಲ ಪ್ರತಿಗಳ ವಿಷಯ

ನಮ್ಮಲ್ಲಿ ಹೆಚ್ಚಿನವರಿಗೆ ಫ್ಲ್ಯಾಶ್ ಗಾರ್ಡನ್ ಸಿಕ್ಕಿದ್ದು ಇಂದ್ರಜಾಲ ಕಾಮಿಕ್ಸಿನಲ್ಲಿ. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚಿನಲ್ಲಿ ಶುರುಮಾಡಿ 1990ರವರೆಗೆ ನಡೆಸಿದರು. ಇಂಗ್ಲಿಷಿನ ಜೊತೆ ಹಲವು ಭಾರತೀಯ ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ ಬಂತು. ಅದರಲ್ಲಿ ಬಂದ ಫ್ಲ್ಯಾಶ್ ಬಹುಪಾಲು ಡಾನ್ ಬ್ಯಾರಿಯದು, ರೇಮಂಡ್‌ನದಲ್ಲ.

ಅಡ್ಡಲಾಗಿ ಹರಡಿದ ದೈನಿಕ ಸ್ಟ್ರಿಪ್ಪನ್ನು ಉದ್ದನೆಯ ಪುಟಕ್ಕೆ ಕೂರಿಸುವಾಗ ಚೌಕಟ್ಟುಗಳನ್ನು ಬಿಡಿಸಿ ಮತ್ತೆ ಜೋಡಿಸುತ್ತಾರೆ. ಬದಿ ಕತ್ತರಿಸುವುದು, ಜಾಗ ಉಳಿದ ಕಡೆ ಮೇಲೋ ಕೆಳಗೋ ಚಿತ್ರ ಬೆಳೆಸುವುದು, ಹಿಂದಿನ ದಿನದ ಕಥೆ ನೆನಪಿಸುವ ಮೊದಲ ಚೌಕಟ್ಟು ತೆಗೆದುಹಾಕುವುದು ಈ ಕೆಲಸದಲ್ಲಿ ಸಹಜ. ಕೊನೆಯದರಿಂದ ಓದಿಗೆ ಲಾಭವೇ. ಕನ್ನಡಕ್ಕೆ ಒತ್ತಕ್ಷರಗಳ ಜಾಗವೂ ಬೇಕಾದ್ದರಿಂದ ಗುಳ್ಳೆಯ ಮಾತು ಮೊಟಕಾಗಿದೆಯೇ, ಗುಳ್ಳೆಯೇ ಚಿತ್ರದ ಮೇಲೆ ಹಬ್ಬಿದೆಯೇ ಎಂದು ಇಂಗ್ಲಿಷ್ ಪ್ರತಿಯ ಜೊತೆ ಇಟ್ಟು ನೋಡಿ. ಚಿತ್ರಕ್ಕಾಗಿ ಇವನ್ನು ಕೊಳ್ಳಬೇಡಿ. ಕನ್ನಡದಲ್ಲಿ ಮಂಗೋ ಗ್ರಹದ ಹೆಸರು ಓದುವ ಸುಖಕ್ಕೆ ಕೊಳ್ಳಿ, ಆ ಸುಖ ಬೇರೆ ಯಾವ ಸಂಪುಟದಲ್ಲೂ ಸಿಗುವುದಿಲ್ಲ.

ಹಳೇ ಪ್ರತಿ ಕೈಗೆ ಬಂದಾಗ ನಡುವಿನ ಹಾಳೆ ಮೊದಲು ನೋಡಿ. ಪಿನ್ನಿಗೆ ತುಕ್ಕು ಹಿಡಿದರೆ ಮೊದಲು ಕಳಚಿ ಬೀಳುವುದು ಅದೇ. ಪುಟಸಂಖ್ಯೆ ಬಿಟ್ಟಿಲ್ಲವೇ ಎಣಿಸಿ, ಪದಬಂಧ–ಒಗಟುಗಳ ಮೇಲೆ ಪೆನ್ನು ಆಡಿದೆಯೇ ತಿರುಗಿಸಿ. ಹರಿದ ಕಡೆ ಸೆಲ್ಲೋ ಟೇಪ್ ಅಂಟಿಸಬೇಡಿ. ಅಂಟು ಕಾಗದದೊಳಗಿಳಿದು ಕಂದುಪಟ್ಟಿಯಾಗುತ್ತದೆ, ಆಮೇಲೆ ಬಿಡುವುದಿಲ್ಲ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪಾಲಿಪ್ರಾಪಿಲಿನ್ ಚೀಲ, ಹಿಂದೆ ಆಮ್ಲರಹಿತ ರಟ್ಟು, ಮಲೆನಾಡು–ಕರಾವಳಿಯವರಾದರೆ ಡಬ್ಬಿಯಲ್ಲಿ ಸಿಲಿಕಾ ಜೆಲ್. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ಒಣಗಿಸಿ ಹಾಕಿ.

ಆನ್‌ಲೈನಿನಲ್ಲಿ ಕೊಳ್ಳುವಾಗ

ಪುಸ್ತಕ ಕೈಯಲ್ಲಿಲ್ಲದಾಗ ಮಾರುವವರಿಂದ ನಾಲ್ಕು ಫೋಟೋ ಕೇಳಿ. ಪ್ರಕಾಶಕರ ಹೆಸರು, ವರ್ಷ ಇರುವ ಪುಟ. ಮೊದಲ ಮತ್ತು ಕೊನೆಯ ಸ್ಟ್ರಿಪ್ಪಿನ ತಾರೀಖು ಕಾಣುವಂತೆ ಒಂದೊಂದು. ಒಂದೇ ಚೌಕಟ್ಟಿನ ಹತ್ತಿರದ ಚಿತ್ರ, ಪಕ್ಕದಲ್ಲಿ ಸ್ಕೇಲು ಇಟ್ಟು, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದದ್ದು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ಬಣ್ಣ ತೀರ್ಮಾನಿಸಲಾಗದು. ಫೋಟೋದಲ್ಲಿ ಅಲೆಪಟ್ಟೆ ಕಂಡರೆ ಅದು ಪುಸ್ತಕದ್ದೋ ಮೊಬೈಲಿನದ್ದೋ ಗೊತ್ತಾಗಲು ಇನ್ನೂ ಹತ್ತಿರದಿಂದ ಮತ್ತೊಂದು ಕೇಳಿ. ಹತ್ತಿರ ಹೋದಂತೆ ಪಟ್ಟೆಯ ಅಗಲ, ದಿಕ್ಕು ಬದಲಾದರೆ ಮೊಬೈಲಿನದು. ಚಿತ್ರದ ಅದೇ ಜಾಗದಲ್ಲಿ ಅದೇ ರೀತಿ ನಿಂತರೆ ಪುಸ್ತಕದ್ದೇ.